ಕೈಬಿಟ್ಟ ಪಟ್ಟಿ

ಫೆಬ್ರವರಿ 3, ಸಂಜೆ

ಇವತ್ತು ಐದು ಕೂಸು. ಎರಡು ನಿದ್ದೆ ಹೋದವು. ಒಂದು ಕೋಣೆ ಕಿತ್ತುಹೋಗುವ ಹಾಗೆ ಅತ್ತಿತು. ಪುಸ್ತಕದಲ್ಲಿ ಬರೆದೆ: ನಿದ್ದೆ, ಕೈಬಿಟ್ಟಿದೆ. ನಿದ್ದೆ, ಕೈಬಿಟ್ಟಿದೆ. ಗಲಾಟೆ, ಕೈಬಿಟ್ಟಿದೆ.

ಪರೀಕ್ಷೆ ಅದೇ. ತಾಯಿಯ ತೊಡೆಯ ಮೇಲೆ ಕೂಸು, ಎದುರಿಗೆ ಪರದೆ. ಚೆಂಡು ಉರುಳಿ ಗೋಡೆಗೆ ಬಡಿದು ನಿಲ್ಲುತ್ತದೆ. ಒಮ್ಮೊಮ್ಮೆ ಗೋಡೆಯನ್ನೇ ತೂರಿಕೊಂಡು ಆಚೆ ಹೋಗುತ್ತದೆ. ಆಗಬಾರದ್ದು ಆದಾಗ ಕೂಸು ಹೆಚ್ಚು ಹೊತ್ತು ನೋಡುತ್ತದೆ. ಐದು ತಿಂಗಳಿಗೇ ಅದಕ್ಕೆ ಲೋಕ ಹೇಗಿರಬೇಕೆಂದು ಗೊತ್ತು. ತಾಯಿಯ ಕಣ್ಣಿಗೆ ಕಪ್ಪು ಪಟ್ಟಿ — ಸನ್ನೆ ಮಾಡಬಾರದಲ್ಲ. ನನಗೂ ಪರದೆ ಕಾಣದು. ಪಕ್ಕದ ಗೂಡಿನಲ್ಲಿ ಕೂತು ಕೂಸಿನ ಮುಖ ಮಾತ್ರ ಟೀವಿಯಲ್ಲಿ ನೋಡಬೇಕು. ನೋಡುತ್ತಿದೆ, ಗುಂಡಿ ಒತ್ತು. ಕಣ್ಣು ತೆಗೆಯಿತು, ಬಿಡು. ಎಂ.ಎ. ಮಾಡಿದ್ದು ಇದಕ್ಕೆ.

ಯಂತ್ರ ನಡೆಸುವ ಫಣೀಂದ್ರ ಮೂರು ಸಲ ಸೀನಿದ.

"ಏನ್ ಸುವಾರ್ತಾ, ನಿಮ್ಮ ಕೇರಿ ಕೂಸುಗಳು ಮೆಣಸಿನಕಾಯಿ ಮೂಟೇಲೇ ಹುಟ್ತಾವಾ?"

"ಹೌದು. ನಿಮ್ಮನೆ ಆವಕಾಯಿಗೆ ಖಾರ ಎಲ್ಲಿಂದ ಬರುತ್ತೆ ಅಂದ್ಕೊಂಡಿದ್ದೆ?"

ಅವನು ನಕ್ಕ. ನಾನು ನಗಲಿಲ್ಲ. ಅಮ್ಮ ಗುಂಟೂರಿನ ಮೆಣಸಿನಕಾಯಿ ಯಾರ್ಡಿನಲ್ಲಿ ಮೂವತ್ತು ವರ್ಷ ತೊಟ್ಟು ಮುರಿದವಳು. ನನ್ನನ್ನು ಎತ್ತಿಕೊಳ್ಳುವ ಮೊದಲು ಖಾರ ಹೋಗಲೆಂದು ಮೊಣಕೈವರೆಗೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದಳು.

ಫೆಬ್ರವರಿ 11

ಮಾರ್ತಾ ಬಂದಿದ್ದಳು, ನಮ್ಮ ಹಿಂದಿನ ಬೀದಿಯವಳು. ಕೂಸಿಗೆ ಐದು ತಿಂಗಳು, ಹೆಸರು ದೀವೆನ. ಎಲ್ಲ ತಾಯಂದಿರ ಹಾಗೆ ಇವಳಿಗೂ ಇದು ಪರೀಕ್ಷೆ. ಮಗುವಿಗೆ ಹೊಸ ಅಂಗಿ, ತಲೆಗೆ ಎಣ್ಣೆ.

"ಪಾಸಾಗ್ತಾಳಾ ಅಕ್ಕಾ? ನಾನಂತೂ ಏಳನೇ ಕ್ಲಾಸಲ್ಲೇ ಡುಮ್ಕಿ ಹೊಡೆದೋಳು."

"ಪಾಸು ಫೇಲು ಇಲ್ವೇ. ಸುಮ್ನೆ ನೋಡಿದ್ರೆ ಸಾಕು."

ನೋಡಲಿಲ್ಲ. ಕತ್ತು ಓರೆ ಮಾಡಿ ಬಲಗಣ್ಣಲ್ಲಿ ಎರಡು ಕ್ಷಣ, ಮತ್ತೆ ಅಳು. ಎಡಗಣ್ಣು ಕೆಂಪಗಿತ್ತು. ಪಟ್ಟಿ ಬಿಚ್ಚಿದ ಮಾರ್ತಾ ಅದನ್ನು ಕಂಡು ತಲೆ ಚಚ್ಚಿಕೊಂಡಳು.

"ನಂದೇ ತಪ್ಪು. ನಿನ್ನೆ ಯಾರ್ಡಿಂದ ಬಂದೋಳು ಸರಿಯಾಗಿ ಕೈ ತೊಳೀದೇ ಎತ್ಕೊಂಡ್ಬಿಟ್ಟೆ."

ನನಗೂ ಅದೇ ಅನಿಸಿತು. ನಮ್ಮ ಕೇರಿಯಲ್ಲಿ ಕಣ್ಣು ಕೆಂಪಾಗದ ಕೂಸು ಯಾವುದು? ಎದೆಹಾಲು ಎರಡು ಹನಿ ಬಿಡು ಎಂದೆ. ಅಮ್ಮ ಹೇಳುತ್ತಿದ್ದದ್ದು, ಅಜ್ಜಿ ಹೇಳುತ್ತಿದ್ದದ್ದು.

ಪರೀಕ್ಷೆ ನಡೆದಾಗ ಟೀವಿಯಲ್ಲಿ ಕೂಸಿನ ಎಡಗಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತಿತ್ತು, ಬೆಕ್ಕಿನ ಕಣ್ಣಿನ ಹಾಗೆ. ಫಣೀಂದ್ರನಿಗೆ ತೋರಿಸಿದೆ. "ಲೈಟ್ ಹೊಡೀತಿದೆ ಕಣೇ," ಎಂದ. ದೀಪ ಸ್ವಲ್ಪ ತಿರುಗಿಸಿದ.

ಬರೆದೆ: ಕಣ್ಣಿಗೆ ಖಾರ, ಕೈಬಿಟ್ಟಿದೆ.

ಫೆಬ್ರವರಿ 26

ದೀವೆನ ಎರಡನೇ ಸಲ. ಹಾಗೇ. ದೀಪ ಆ ಕಡೆಗಿಟ್ಟರೂ ಕಣ್ಣು ಬೆಳ್ಳಗೆ. "ಹಾಳು ಕ್ಯಾಮೆರಾ," ಎಂದ ಫಣೀಂದ್ರ. ಹೊರಗೆ ಎಂಟು ತಾಯಂದಿರು ಕಾಯುತ್ತಿದ್ದರು.

ಮಾರ್ತಾ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಮಗುವನ್ನು ಬರಿಗೈಯಲ್ಲಿ ಮುಟ್ಟುವುದನ್ನೇ ಬಿಟ್ಟಿದ್ದಾಳಂತೆ.

"ಇಷ್ಟಾದ್ರೂ ಕೆಂಪು ಹೋಗ್ತಿಲ್ಲ. ನನ್ನ ಮೈಯೊಳಗೇ ಖಾರ ಇಳ್ಕೊಂಡಿದೆಯೇನೋ ಅಕ್ಕಾ?"

"ಹುಚ್ಚಿ! ಮೆಣಸಿನಕಾಯಿ ಸೀಸನ್ ಮುಗೀಲಿ, ತಾನೇ ಹೋಗುತ್ತೆ," ಎಂದೆ.

ನಾನೇ ಎಂದದ್ದು.

ಏಪ್ರಿಲ್ 9

ಸೀಸನ್ ಇನ್ನೂ ಇಳಿದಿಲ್ಲ. ಊರಿಗೆ ಊರೇ ಕೆಮ್ಮುತ್ತಿದೆ. ದೀವೆನ ಮೂರನೇ ಸಲವೂ ಆಗಲಿಲ್ಲ. ಕಾಲೇಜಿನಲ್ಲಿ ಈ ಪರೀಕ್ಷೆ ನಡೆಸುವ ವಸುಂಧರಾ ಮೇಡಂ ಪುಸ್ತಕ ತಿರುವಿದರು.

"ಒಂದೇ ಮಗೂನ ಎಷ್ಟು ಸಲ ಕರೀತೀಯಾ? ಬಿಡು ಅದನ್ನ. ಅಪಾರ್ಟ್‌ಮೆಂಟಿನೋರ ಮಕ್ಕಳನ್ನ ಕರ್ಕೊಂಡ್ಬಾ. ಅವು ಕೂತು ನೋಡ್ತಾವೆ."

ವರದಿಯ ಕರಡು ಮೇಜಿನ ಮೇಲಿತ್ತು. ಓದಿದೆ. 'ಕೂಲಿ ಕುಟುಂಬಗಳ ಶಿಶುಗಳಲ್ಲಿ ಗಮನ ಕಡಿಮೆ.' ರಾತ್ರಿಯೆಲ್ಲ ಕೆಮ್ಮಿ ನಿದ್ದೆಗೆಟ್ಟ ಕೂಸು, ತಾಯಿಗೆ ಯಾರ್ಡಿನಲ್ಲಿ ಬಿಡುವು ಸಿಗದೆ ಹಾಲಿಲ್ಲದ ಕೂಸು... ಅದಕ್ಕೆ ಗಮನ ಕಡಿಮೆಯಂತೆ!

ಕೇಳಿಯೇಬಿಟ್ಟೆ. ಕೈಬಿಟ್ಟ ನಲವತ್ತರಲ್ಲಿ ಮೂವತ್ನಾಲ್ಕು ನಮ್ಮ ಕೇರಿಯವೇ ಯಾಕೆ ಮೇಡಂ?

"ಸುವಾರ್ತಾ, ಡೇಟಾಗೆ ಜಾತಿ ಇಲ್ಲ."

"ಡೇಟಾಗಿಲ್ಲ ಮೇಡಂ. ಕೈಬಿಟ್ಟ ಪಟ್ಟಿಗಿದೆ."

ಕೇರಿಯ ಸಂಘದಲ್ಲಿ ಹಾಡು ಕಟ್ಟಿ ಬೀದಿಯಲ್ಲಿ ಕೂಗಿದವಳು ನಾನು. ಮಾತು ಗೆದ್ದೆ ಅಂತ ಬೀಗಿಕೊಂಡು ಬಂದೆ. ದೀವೆನಳ ಹೆಸರಿನ ಮುಂದೆ ಗೆರೆ ಎಳೆದು ಬಂದವಳೂ ನಾನೇ.

ಮೇ 20, ಮಧ್ಯಾಹ್ನ 2



ಬೆಳಿಗ್ಗೆ ಕೈಬಿಟ್ಟ ಮಕ್ಕಳ ವೀಡಿಯೋ ಎಲ್ಲ ತೆಗೆದು ಕೂತೆ. ಯಾಕೆ ಕೈಬಿಟ್ಟರೆಂದು ನಾನೇ ಒಂದು ಲೆಕ್ಕ ಕೊಟ್ಟು ಮೇಡಂ ಬಾಯಿ ಮುಚ್ಚಿಸಬೇಕಿತ್ತು. ದೀವೆನಳ ಮೂರೂ ಸಿಕ್ಕವು. ಸಾಲಾಗಿ ಹಾಕಿದೆ. ಮೊದಲನೆಯದರಲ್ಲಿ ದೀಪ ಎಡಕ್ಕೆ. ಎರಡನೆಯದರಲ್ಲಿ ಬಲಕ್ಕೆ. ಮೂರನೆಯದರಲ್ಲಿ ಮೇಲೆ. ದೀಪ ಮೂರು ಕಡೆ. ಬಿಳುಪು ಅಲ್ಲೇ. ಬರೀ ಎಡಗಣ್ಣಲ್ಲಿ. ಬೇರೆ ಯಾವ ಕೂಸಿನ ಕಣ್ಣಲ್ಲೂ ಇಲ್ಲ. ಒಂದೊಂದನ್ನೇ ತೆಗೆದು ನೋಡಿದೆ. ಇಲ್ಲ.

ಬಿಳುಪು ಇದ್ದದ್ದು ಕಣ್ಣಿನ ಒಳಗೆ.

ಫಣೀಂದ್ರನನ್ನು ಕರೆದು ತೋರಿಸಿದೆ. ಮೂರನ್ನೂ ನನ್ನ ಫೋನಿಗೆ ಹಾಕಿಕೊಟ್ಟ. ಮಾರ್ತಾಳನ್ನು ಹುಡುಕಿಕೊಂಡು ಯಾರ್ಡಿಗೆ ಹೊರಟಿದ್ದೇನೆ.

ಮೇ 21

ಕಣ್ಣಾಸ್ಪತ್ರೆ. ಡಾಕ್ಟರು ಟಾರ್ಚ್ ಹಾಕಿ ಒಂದು ನಿಮಿಷವೂ ನೋಡಲಿಲ್ಲ. ಗೆಡ್ಡೆ. ಕ್ಯಾನ್ಸರ್. ಕಣ್ಣು ತೆಗೆಯಲೇಬೇಕು. ಆಚೆಗೆ ಹಬ್ಬಿದೆಯೋ ಇಲ್ಲವೋ ತೆಗೆದ ಮೇಲೆ ಗೊತ್ತಾಗುತ್ತದೆ. ಹಬ್ಬಿದ್ದರೆ ಜೀವಕ್ಕೇ ಅಪಾಯ.

"ಮೂರು ತಿಂಗಳ ಮುಂಚೆ ಬಂದಿದ್ರೆ ಕಣ್ಣು ಉಳಿಸೋಕೆ ನೋಡಬಹುದಿತ್ತು," ಎಂದರು. ನನ್ನ ಕಡೆ ನೋಡಿ ಹೇಳಿದ್ದಲ್ಲ. ಆದರೂ ನನಗೇ ಹೇಳಿದ ಹಾಗೆ ಅನಿಸಿತು.

ಮಾರ್ತಾ ಕೇಳಿದ್ದು ಒಂದೇ.

"ಹಾಗಾದ್ರೆ... ಖಾರ ಅಲ್ವಾ ಡಾಕ್ಟ್ರೇ? ನನ್ನ ಕೈಯಿಂದ ಆಗಿದ್ದಲ್ವಾ?"

"ಅಲ್ಲಮ್ಮಾ. ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ."

ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬರಿಗೈಯಲ್ಲಿ ಮಗುವಿನ ಕೆನ್ನೆ, ಕತ್ತು, ಹೊಟ್ಟೆ ಎಲ್ಲ ಸವರಿದಳು. ಮೂರು ತಿಂಗಳಿಂದ ಮುಟ್ಟಿರಲಿಲ್ಲವಲ್ಲ. ಅಷ್ಟು ಕೆಟ್ಟ ಸುದ್ದಿಯ ನಡುವೆ ಅವಳ ಮುಖದಲ್ಲಿ ಹಗುರ ಕಂಡಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೇಳಲಿಲ್ಲ. ಫೆಬ್ರವರಿ ಹನ್ನೊಂದಕ್ಕೇ ನೋಡಿದ್ದೆ ಎಂದು ಹೇಳಲಿಲ್ಲ.

ಜೂನ್ 6

ಕಣ್ಣು ತೆಗೆದು ಹತ್ತು ದಿನ. ವರದಿ ಬಂತು. ಹಿಂದಿನ ನರಕ್ಕೆ ಹಬ್ಬಿದೆ. ಇನ್ನು ಆರು ತಿಂಗಳು ಇಂಜೆಕ್ಷನ್. ಆಮೇಲೆ ನೋಡಬೇಕಂತೆ. ನೋಡಬೇಕು ಅಂದರೆ ಏನೆಂದು ಮಾರ್ತಾ ಕೇಳಲಿಲ್ಲ.

ಮೇಡಂ ಕಾರು ಕಳಿಸಿದರು, ಹಣ್ಣು ಕಳಿಸಿದರು. ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು: "ನಾವು ಡಾಕ್ಟರಲ್ಲ ಸುವಾರ್ತಾ. ಕೈಬಿಟ್ಟ ಮಕ್ಕಳ ವೀಡಿಯೋ ಯಾರೂ ನೋಡಲ್ಲ, ಎಲ್ಲಾ ಕಡೇನೂ ಹಾಗೇ. ನೀನು ಏನೇನೋ ಮಾತಾಡಬೇಡ."

ಹೌದು, ಯಾರೂ ನೋಡುವುದಿಲ್ಲ. ಮಗು ನಮ್ಮ ಪರದೆ ನೋಡಿದರೆ ನಾವು ಮಗುವನ್ನು ನೋಡುತ್ತೇವೆ. ನೋಡದಿದ್ದರೆ ಗೆರೆ. ಇದೇ ನಮ್ಮ ವಿಜ್ಞಾನ. ಬೆಂಕಿ ಬೀಳಲಿ ಇದಕ್ಕೆ... ಆ ಗೆರೆ ಎಳೆದ ಕೈಗೂ.

ರಾಜೀನಾಮೆ ಬರೆದೆ. ಹರಿದೆ. ಬಿಟ್ಟು ಓಡಿದರೆ ಇನ್ನು ಮುಂದೆ ಕೈಬಿಡುವ ಕೂಸುಗಳ ವೀಡಿಯೋ ಯಾರು ನೋಡುತ್ತಾರೆ?

ಜೂನ್ 19, ಬೆಳಿಗ್ಗೆ 9

ಮಾರ್ತಾ ಮನೆಗೇ ಬಂದಿದ್ದಾಳೆ. ತೊಡೆಯ ಮೇಲೆ ದೀವೆನ, ಕಣ್ಣಿಗೆ ಹತ್ತಿಯ ಪಟ್ಟಿ. ಅಮ್ಮ ಇಬ್ಬರಿಗೂ ಗಂಜಿ ಕೊಟ್ಟಿದ್ದಾಳೆ.

"ಅಕ್ಕಾ, ಎರಡು ಕಣ್ಣೂ ಇದ್ದಾಗಿನ ಒಂದು ಫೋಟೋನೂ ನನ್ನ ಹತ್ರ ಇಲ್ಲ. ನಿಮ್ಮ ಕಾಲೇಜಲ್ಲಿ ಸಿನಿಮಾ ತೆಗೆದ್ರಲ್ಲ? ಅವತ್ತು ನನ್ನ ಕಣ್ಣು ಕಟ್ಟಿದ್ರಿ, ನಾನು ನೋಡ್ಲೇ ಇಲ್ಲ. ಒಂದ್ಸಲ ತೋರ್ಸು."

ಇಲ್ಲ ಅನ್ನಬಹುದಿತ್ತು. ಅಳಿಸಿಹೋಯಿತು ಅನ್ನಬಹುದಿತ್ತು. ಫೋನ್ ಅವಳ ಕೈಗೆ ಕೊಟ್ಟು ಈ ಮೂಲೆಗೆ ಬಂದು ಬರೆಯುತ್ತಿದ್ದೇನೆ. ಮುಖ ನೋಡುವ ಧೈರ್ಯವಿಲ್ಲ. ನಗುತ್ತಿದ್ದಾಳೆ. "ನೋಡು ಮೂತಿ ಹೇಗೆ ಓರೆ ಮಾಡ್ತಾಳೆ ಕಳ್ಳಿ!"... ಮತ್ತೆ ಹಾಕಿದಳು. ಈಗ ನಗು ನಿಂತಿದೆ.

"ಅಕ್ಕಾ, ಕಣ್ಣಲ್ಲಿ ಇದೇನು, ಬೆಳ್ಳಗೆ? ಅವತ್ತೇ ಇತ್ತಾ? ನೀನು ಒಳಗೆ ಕೂತು ನೋಡ್ತಿದ್ದೆ ಅಲ್ವಾ —"

ಎದ್ದು ಹೋಗಿ ಅವಳ ಎದುರು ಕೂರಬೇಕು. ಹೇಳಬೇಕು, ಹೌದು ಮಾರ್ತಾ, ನಾನು