ಮೂರನೆಯ ಕೋಟೆಯ ಬಾಗಿಲು

೫ ಆಗಸ್ಟ್ ೧೯೯೧, ಸೋಮವಾರ

ಮತ್ತೆ ಅದೇ ಫ್ಲಾಪಿ. ದಿನವಿಡೀ ಆಫೀಸಿನ ಕಂಪ್ಯೂಟರಿನಲ್ಲಿ ‘ಏಳು ಕೋಟೆ’. ತಿರುಮಲೇಶ ಮಾಡಿದ, ಆಡುವವರೇ ಒಂದು ಪಾತ್ರವಾಗುವ ರೋಲ್ ಪ್ಲೇಯಿಂಗ್ ಗೇಮ್. ಪೇಪರುಗಳೆಲ್ಲ ಹೊಗಳಿವೆ — ‘ನೀವೇ ನಾಯಕ, ನಿಮ್ಮದೇ ಕಥೆ’. ನಮ್ಮ ಮಾಸಿಕದ ಗೇಮ್ ಕಾಲಂ ನನ್ನದು. ಹೊಗಳುವುದೊಂದೇ ಬಾಕಿ.

ಬೆಳಿಗ್ಗೆ ಯೋಧನಾದೆ. ಊಟವಾದ ಮೇಲೆ ಮಾಟಗಾತಿ. ಆಟದ ರಾಜ ಇಬ್ಬರಿಗೂ ಹೇಳಿದ್ದು ಒಂದೇ ಮಾತು. ಅವನ ಆಜ್ಞೆಗೆ ‘ನೋ’ ಒತ್ತಿದರೆ ಮತ್ತೆ ಅದೇ ಪ್ರಶ್ನೆ. ‘ಯೆಸ್’ ಎನ್ನುವ ತನಕ ಬಿಡುವುದಿಲ್ಲ. ಇದು ನನ್ನ ಕಥೆಯಂತೆ.

ತಿರುಮಲೇಶನನ್ನು ಕಾಲೇಜಿನಿಂದಲೂ ಬಲ್ಲೆ. ಅರ್ಧ ಕೆಲಸ, ಪೂರ್ತಿ ಚಪ್ಪಾಳೆ.

೮ ಆಗಸ್ಟ್

ಮೂರನೆಯ ಕೋಟೆ. ಕೀಲಿಕೈ ಸಿಕ್ಕಿದೆ, ಬಾಗಿಲು ತೆರೆಯುತ್ತಿಲ್ಲ. ಎಲ್ಲ ಪಾತ್ರಗಳಲ್ಲೂ ಬಂದು ನೋಡಿದೆ... ಅಲ್ಲೇ ನಿಲ್ಲುತ್ತದೆ. ಅವನಿಗೆ ಫೋನ್ ಮಾಡಿದೆ.

“ನೀನು ಎಲ್ಲೋ ಕ್ಲೂ ಮಿಸ್ ಮಾಡಿದೀಯ, ಪಂಕಜಾ. ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ.”

“ಬೇರೆ ಯಾರು ಇಲ್ಲೀವರೆಗೆ ಆಡಿದಾರೆ?”

ಫೋನ್ ಇಟ್ಟುಬಿಟ್ಟ.

ರಿವ್ಯೂ ಬರೆದು ಸಂಪಾದಕ ನೀಲಕಂಠಪ್ಪನವರ ಟೇಬಲ್ಲಿಗೆ ಹಾಕಿದೆ. ಕೊನೆಯ ಸಾಲು: ಕೊಳ್ಳಬೇಡಿ.

೨ ಸೆಪ್ಟೆಂಬರ್

ಸಂಚಿಕೆ ಬಂತು. ನನ್ನ ಹೆಸರು, ನನ್ನ ಫೋಟೋ. ಕೆಳಗೆ ನನ್ನದಲ್ಲದ ಮಾತು — ‘ಅದ್ಭುತ ಅನುಭವ, ಮನೆಮಂದಿಯೆಲ್ಲ ಆಡಬೇಕು’. ಹಿಂಬದಿಯ ರಕ್ಷಾಪುಟ ತುಂಬ ಅದೇ ಗೇಮಿನ ಜಾಹೀರಾತು.

“ಸ್ವಲ್ಪ ಮೆತ್ತಗ ಮಾಡೀನ್ರಿ, ಅಷ್ಟ,” ಎಂದರು ನೀಲಕಂಠಪ್ಪ. ತಲೆಯೆತ್ತಿ ನೋಡಲೂ ಇಲ್ಲ.

ಲೋಕಲ್ ರೈಲಿನಲ್ಲಿ ಮಲಾಡ್‌ನ ಮನೆವರೆಗೂ ಹಲ್ಲು ಕಚ್ಚಿಕೊಂಡೇ ಬಂದೆ.

೧೯ ಸೆಪ್ಟೆಂಬರ್

ಆಫೀಸಿಗೆ ಯಾರೋ ವಸಂತಿ ಎನ್ನುವವರ ಫೋನ್. ಭಾಂಡುಪ್‌ನಲ್ಲಿ ಉಡುಪಿ ಹೋಟೆಲ್ ನಡೆಸುವ ಮನೆಯವರು.

“ನೀವು ಬರ್ದದ್ದು ನೋಡಿಯೇ ತಂದದ್ದು ಮಾರಾಯ್ರೆ. ಮಗಳು ಕಾಲು ಮುರ್ಕೊಂಡು ಮಲಗಿದ್ದಾಳೆ. ಒಂದು ಬಾಗಿಲು ತೆಗಿಲಿಕ್ಕೇ ಆಗುದಿಲ್ಲಂತೆ. ಅವಳಿಗೊಮ್ಮೆ ಹೇಳಿಕೊಡ್ತೀರಾ?”

ಸಂಜೆ ಹೋದೆ. ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ತಂದಿಟ್ಟಿದ್ದಾರೆ. ಹುಡುಗಿ ನೀಲಾವತಿ, ಕಾಲಿಗೆ ಪ್ಲಾಸ್ಟರ್. ಪರದೆಯ ಮೇಲೆ ಅದೇ ಬಾಗಿಲು. ಅವಳ ಕಣ್ಣು ಕೆಂಪಾಗಿತ್ತು.

“ಆಂಟಿ, ಸಬ್ ಲೋಗ್ ಅಚ್ಛಾ ಬೋಲ್ತೇ ಹೈ, ಎಲ್ರೂ ಚೆನ್ನಾಗಿದೆ ಅಂತಾರೆ. ಮೈ... ನಾನೇ ದಡ್ಡಿ ಅಲ್ವಾ?”

ಅಲ್ಲ ಎಂದೆ. ರಿವ್ಯೂ ನಾನು ಬರೆದದ್ದಲ್ಲ ಎಂದೂ ಹೇಳಿದೆ. ವಸಂತಿ ಸಂಚಿಕೆಯಲ್ಲಿನ ನನ್ನ ಫೋಟೋ ನೋಡಿದರು, ನನ್ನನ್ನು ನೋಡಿದರು. ಚಹಾ ಕೊಟ್ಟರು.

೨೧ ಸೆಪ್ಟೆಂಬರ್, ಶನಿವಾರ

ಘಾಟ್ಕೋಪರ್‌ನಲ್ಲಿ ಕಂಪ್ಯೂಟರ್ ಪ್ರದರ್ಶನ. ತಿರುಮಲೇಶನ ಸ್ಟಾಲಿನ ಮುಂದೆ ಜನವೋ ಜನ. ಕ್ಯೂನಲ್ಲಿ ನಿಂತೆ, ಕೂತೆ, ಆಡಿದೆ. ಬಾಗಿಲಿನ ಮುಂದೆ ನಿಲ್ಲಿಸಿ ಕೀಬೋರ್ಡನ್ನು ಅವನ ಕಡೆ ತಳ್ಳಿದೆ.

“ತೆಗಿ.”

ಅವನು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ, “ಅದರಾಚೆ ಏನೂ ಇಲ್ಲ ಕಣೇ. ಪ್ರೋಗ್ರಾಮ್ ಬರಿಯೋಕೆ ಟೈಮ್ ಸಿಗಲಿಲ್ಲ. ಅಷ್ಟು ದೂರ ಯಾರೂ ಬರಲ್ಲ ಅಂದ್ಕೊಂಡೆ.”

“ಇದನ್ನೇ ಜೋರಾಗಿ ಹೇಳು.”

ಅವನು ಹಿಂದೆ ಸರಿದ. ನಾನೇ ಹೇಳಿದೆ, ಹಿಂದಿಯಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ. ಅವನು ಮಾನಿಟರಿನ ಸ್ವಿಚ್ ಆರಿಸಿದ.

೩೦ ಸೆಪ್ಟೆಂಬರ್

ಅಂದಿನಿಂದ ಆಫೀಸಿಗೆ ಹೋಗಿಲ್ಲ. ಇವತ್ತು ನೀಲಕಂಠಪ್ಪನವರೇ ಮನೆಗೆ ಬಂದರು. ಪ್ರದರ್ಶನದ ಸುದ್ದಿ ಅವರಿಗೆ ಮುಟ್ಟಿತ್ತು; ಕೈಯಲ್ಲಿ ಮುಂದಿನ ಸಂಚಿಕೆಗೆ ತಿದ್ದುಪಡಿಯ ಪ್ರೂಫ್.

“ಗೇಮ್ ಅರ್ಧಾನ ಐತಿ ಅಂತ ಹಾಕ್ತೀನ್ರಿ. ಆದ್ರ ನೀವು ಪೂರ್ತಿ ಆಡದ ಬರದೀರಿ ಅಂತ ಬರ್ಬೇಕು. ಸಹಿ ಮಾಡ್ರಿ.”

ಓದಿದೆ. ಆ ಸಾಲನ್ನು ಹೊಡೆದೆ. ಮೇಲೆ ಬರೆದೆ — ಪಂಕಜಾ ಆಡಿ ಬರೆದರು, ಸಂಪಾದಕರು ಆಡದೆ ತಿದ್ದಿದರು. ಅವರು ಕಿತ್ತುಕೊಳ್ಳಲು ಬಂದರು, ನಾನು ಬಿಡಲಿಲ್ಲ. ಹಾಳೆ ಹರಿಯಿತು.

ಚಪ್ಪಲಿ ಮೆಟ್ಟುತ್ತ ಕೇಳಿದರು, “ಇನ್ನ ನಿಮ್ಮ ಕಾಲಂ ಯಾರ್ ಬರೀಬೇಕ್ರಿ?”

“ಆಡಿದವರು,” ಎಂದೆ. ಬಾಗಿಲು ಹಾಕಿದೆ.

ವಸಂತಿಯವರಿಗೆ ಫೋನ್ ಮಾಡಬೇಕು, ಕತ್ತಲಾಗುವ ಮೊದಲು. ಕೆಲಸ ಹೋಯಿತು ಎಂದಲ್ಲ. ಆ ಹುಡುಗಿಗೆ ಹೇಳಬೇಕು: ಬಾಗಿಲಿನಾಚೆ ಏನೂ ಇಲ್ಲ, ನೀನು ದಡ್ಡಿಯಲ್ಲ.