ಮೂರನೇ ಕಂಬ

ಜೂನ್ 4
ಡ್ಯೂಟಿ. ಹೊಳೆಯ ಐದು ಕಂಬಗಳೂ ಸ್ಕ್ರೀನ್‌ನಲ್ಲಿ ಹಸಿರು. ಕಂಬದ ಸೆನ್ಸರ್ ನೀರಿನ ಮಟ್ಟ ಕಳಿಸುತ್ತೆ, ಇಲ್ಲಿ ಗೆರೆ ಮೂಡುತ್ತೆ. ಕೆಂಪಾದರೆ ಕೆಳಗಿನ ಬೀದಿಯ ಸೈರನ್ ಒತ್ತಬೇಕು. ಅಷ್ಟೇ ನಮ್ಮ ಕೆಲಸ.
ಕಂಬ, ಸೈರನ್ ರಿಪೇರಿ ನೋಡಿಕೊಳ್ಳುತ್ತಿದ್ದ ಕೊಕ್ಕರೆಯಣ್ಣ, ಅವರ ಭಾವಮೈದುನ — ಇಬ್ಬರ ಕಾಂಟ್ರಾಕ್ಟೂ ಇವತ್ತಿಗೆ ಮುಗೀತು. ನಾವೆಲ್ಲ ಪುಕ್ಕಟೆ ದುಡಿಯುವಾಗ ಅವರಿಗ್ಯಾಕೆ ಸಂಬಳ ಅಂತ ನೆರೆ ಕಾವಲು ಸಮಿತಿಯ ಅಧ್ಯಕ್ಷರು. ಎಲ್ಲರೂ ಕೈ ಎತ್ತಿದರು. ನಾನು ಎತ್ತಲಿಲ್ಲ. ಸದಾ ಮೊಣಕಾಲುದ್ದ ನೀರಲ್ಲಿ ನಿಂತಿರುತ್ತಿದ್ದ ಮನುಷ್ಯ, ಚಪ್ಪಲಿ ಮೆಟ್ಟಿ ಹೊರಟೇ ಹೋದರು.

ಜೂನ್ 9
ಮೊದಲು ಆಗಾಗ ಒಂದಲ್ಲ ಒಂದು ಕಂಬ ಕೈಕೊಟ್ಟಿತು ಅಂತ ಕೊಕ್ಕರೆಯಣ್ಣ ಓಡುತ್ತಿದ್ದರು. ಈಗ ಒಂದೂ ಕೆಡುತ್ತಿಲ್ಲ. ಅವರೇ ಕೆಡಿಸುತ್ತಿದ್ದರೋ ಏನೋ ಅಂತ ಅಧ್ಯಕ್ಷರು ನಕ್ಕರು. ಎಲ್ಲ ಇಷ್ಟು ನೆಟ್ಟಗಿರುವುದು... ನನಗ್ಯಾಕೋ ಹೆದರಿಕೆ.

ಜೂನ್ 21
ಎರಡು ದಿನದಿಂದ ಮೇಲೆ ಗುಡ್ಡದಲ್ಲಿ ಮಳೆ. ಮೂರನೇ ಕಂಬದ ಗೆರೆ ಮಧ್ಯಾಹ್ನ ಒಂಚೂರು ಏರಿ ಇಳಿಯಿತು. ನಿನ್ನೆಯೂ ಹೀಗೇ ಅಲ್ಲವಾ? ಮೊನ್ನೆ?
ಕೆಳಗಿನ ಬೀದಿಯಿಂದ ಸೋದರತ್ತೆ ಫೋನ್ ಮಾಡಿದರು. ಕೆಸರು ವಾಸನೆ ಬರ್ತಿದೆ, ನಿಮ್ಮನೆಗೆ ಬಂದುಬಿಡ್ಲಾ ಅಂದರು. ಹಸಿರಿದೆ, ಆರಾಮಾಗಿರಿ ಅಂದೆ.
"ನೀನು ಹೇಳಿದ್ಮೇಲೆ ಮುಗೀತು ಬಿಡು."

ಜೂನ್ 22, ಬೆಳಿಗ್ಗೆ
ತಡೆಯಲಾಗಲಿಲ್ಲ, ಕೊಕ್ಕರೆಯಣ್ಣನ ಮನೆಗೆ ಫೋನ್ ಮಾಡಿದೆ. ಕಂಬ ಸತ್ತರೆ ಸ್ಕ್ರೀನ್ ಖಾಲಿಯಾಗಬಾರದು ಅಂತ ಹಿಂದಿನ ದಿನದ ಗೆರೆಯೇ ಮತ್ತೆ ಓಡುತ್ತಂತೆ. ಆಫೀಸಿನ ಫೋನಿಗೆ ಮೆಸೇಜ್ ಬರುತ್ತಂತೆ. ಆಗ ಇವರು ಹೋಗಿ ಕಣ್ಣಾರೆ ನೋಡಿ ಬರುತ್ತಿದ್ದರು.
"ಆ ಫೋನ್ ನಿಮ್ಮ ಡ್ರಾಯರ್‌ನಲ್ಲೇ ಇಟ್ಟು ಬಂದೆನಲ್ಲಮ್ಮ. ಯಾರೂ ನೋಡ್ತಿಲ್ವಾ?"
ಡ್ರಾಯರ್ ತೆಗೆದೆ. ಚಾರ್ಜ್ ಇಲ್ಲದೆ ಬಿದ್ದಿತ್ತು.
ನಮ್ಮನೆಯವರನ್ನು ಬೈಕಿನಲ್ಲಿ ಮೂರನೇ ಕಂಬಕ್ಕೆ ಓಡಿಸಿದೆ.

ಅದೇ ದಿನ, 11 ಗಂಟೆ
ಅವರ ಫೋನ್ ಬಂತು.
"ಇಲ್ಲಿ ಕಂಬಾನೇ ಇಲ್ಲ ಕಣೇ. ಹೊಳೆ ದಂಡೆಯೂ ಇಲ್ಲ."
ನಾನು ನೋಡುತ್ತಿದ್ದ ಹಾಗೇ ಸ್ಕ್ರೀನ್‌ನಲ್ಲಿ ಆ ಇಲ್ಲದ ಕಂಬ ಗೆರೆ ಎಳೆಯುತ್ತಿತ್ತು. ನಿಧಾನ. ಹಸಿರು.
ಸೈರನ್ ಒತ್ತಿದೆ. 'ಆನ್' ಅಂತ ತೋರಿಸ್ತಿದೆ. ಅತ್ತೆಗೆ ಫೋನ್ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತೆ, ಅದಕ್ಕೇ ಬರೀತಿದ್ದೇನೆ. ಎತ್ತಿದರು. ಸೈರನ್ ಕೇಳಿಸ್ತಿದೆಯಾ, ಅಂದೆ.
"ಯಾವ ಸೈರನ್ನೇ? ಇಲ್ಲೆಲ್ಲ ತಣ್ಣಗಿದೆ. ತಡಿ, ಯಾರೋ ಬಾಗಿಲು ತಳ್ತಿದಾರೆ."
ತೆಗೀಬೇಡಿ ಅಂತ ಕೂಗಿದೆ. ಮಹಡಿ ಹತ್ತಿ ಅಂದೆ. ಫೋನ್ ಕೆಳಗಿಟ್ಟ ಸದ್ದು. ಚಿಲಕ—