ಪರದೆಯೊಳಗಿನ ಹಾಡಿ

ಬಾವಲಿ
೧೨ ನವೆಂಬರ್ ೨೦೨೫

ಮುದ್ದಿನ ಮೊಮ್ಮಗಳು ಚಂದನಾಳಿಗೆ ನಿನ್ನ ಅಜ್ಜನ ಹಾರೈಕೆಗಳು.

ಶೀತ ಬಿಟ್ಟಿತೇ? ಹಾಸ್ಟೆಲಿನ ಊಟಕ್ಕೆ ಮೂಗು ಮುರಿಯದೆ ಹೊಟ್ಟೆ ತುಂಬ ತಿನ್ನು. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅಜ್ಜಿಯ ಸೊಂಟ ಮಾತ್ರ ಹಾಗೇ ಇದೆ. ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಹಾಸಿಗೆ. ಕಾಡೊಳಗಿನ ನಮ್ಮ ಹಳೆಯ ಹಾಡಿಗೆ, ಆ ಹುಲ್ಲುಮನೆಗಳ ಊರಿಗೆ, ಒಮ್ಮೆ ಕರೆದುಕೊಂಡು ಹೋಗೆಂದು ಈಗಲೂ ಕೇಳುತ್ತಾಳೆ. ನಾವೆಲ್ಲ ಅಲ್ಲಿಂದ ಇಲ್ಲಿಗೆ ಬಂದ ಮೇಲೆ ಆ ದಾರಿಯೂ ಮುಚ್ಚಿಹೋಗಿದೆ, ಡಾಕ್ಟರು ಜೀಪಿನ ಕುಲುಕಾಟ ಕೂಡದು ಎಂದಿದ್ದಾರೆ.

ನೀನು ಕಂಪ್ಯೂಟರಿನ ಆ ಪೈಥಾನ್ ಭಾಷೆಯಲ್ಲಿ ಹಾಡಿಯನ್ನೇ ಕಟ್ಟಿ, ಪರದೆಯ ಮೇಲೆ ಅದರೊಳಗೆ ಓಡಾಡುವಂತೆ ಮಾಡಿ ಕಳಿಸಿದ್ದು ದೊಡ್ಡ ಉಪಕಾರ. ಆದರೆ ಮೊದಲು ಕಳಿಸಿದ್ದು, ಕೂಸೇ, ಆಮೆಗಿಂತ ಕಡೆ. ಗುಂಡಿ ಒತ್ತಿ ಎಲೆಯಡಿಕೆ ಹಾಕಿ ಮುಗಿಸಿದರೂ ಮನೆ ಕದಲುತ್ತಿರಲಿಲ್ಲ. ತನ್ನ ಸೊಂಟವೇ ವಾಸಿ ಎಂದಳು ಅಜ್ಜಿ. ಎರಡನೆಯದು ಸರಸರ ಓಡುತ್ತದೆ. ಇಲ್ಲಿನ ಶಾಲೆಯ ಶ್ರೀಜ ಟೀಚರ್ ಅದನ್ನು ಲ್ಯಾಪ್‌ಟಾಪಿಗೆ ಹಾಕುತ್ತಾ ಗುಟ್ಟು ಬಿಡಿಸಿದರು: ಎಲ್ಲವೂ ಚೌಕದ ಪೆಟ್ಟಿಗೆಗಳಂತೆ, ಪೆಟ್ಟಿಗೆಗಳು ಒಂದಕ್ಕೊಂದು ಅಂಟಿಕೊಂಡು ಕಣ್ಣಿಗೆ ಕಾಣದ ಒಳಮುಖಗಳನ್ನು ಬರೆಯುವುದೇ ಇಲ್ಲವಂತೆ, ಮಣ್ಣು, ಬಿದಿರು, ಹುಲ್ಲಿನ ಚಿತ್ರಗಳನ್ನು ಒಂದೇ ಹಾಳೆಗೆ ಸೇರಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಪರದೆಗೆ ಕಳಿಸುತ್ತೀಯಂತೆ. ಇಲ್ಲಿಗೆ ಬರುವಾಗ ಪಾತ್ರೆಗೊಂದು ಸಲ ಓಡಾಡದೆ ಒಂದೇ ಜೀಪಿಗೆ ಹೇರಿದೆವಲ್ಲ, ಹಾಗೆ ಎಂದುಕೊಂಡೆ. ಒಳಮುಖವಿಲ್ಲದ ಗೋಡೆ ಹೇಗಿರುತ್ತದೋ ಎಂಬ ಕುತೂಹಲ ತಡೆಯದೆ ಅದರೊಳಕ್ಕೇ ನುಗ್ಗಿದೆ. ಏನೂ ಇಲ್ಲ, ಆಚೆಗೆ ಹೊಳೆ ಕಾಣಿಸಿತು! ಹೊರಗೆ ಬರುವಷ್ಟರಲ್ಲಿ ಚಹಾ ಆರಿಹೋಗಿತ್ತು.

ಗೋಡೆಯ ಚಿತ್ರ ನಿಮ್ಮಪ್ಪನ ಹಳೆಯ ಫೋಟೋದ್ದು ತಾನೇ? ಅಜ್ಜಿ ಸಾರಿಸಿದ ಬೆರಳ ಗುರುತೂ ಅದರಲ್ಲಿದೆ. ಅದೇ ಗುರುತು ಹಾಡಿಯ ಎಲ್ಲರ ಗೋಡೆಗಳ ಮೇಲೂ ಬಂದಿರುವುದನ್ನು ಕಂಡು, ಇಷ್ಟು ಜನರ ಮನೆಯನ್ನು ತಾನೊಬ್ಬಳೇ ಸಾರಿಸಿದೆನೇ ಎಂದು ಅವಳಿಗೆ ನಗು.

ದಿನವೂ ಅವಳು ಹೇಳಿದತ್ತ ನಾನು ನಡೆಸುತ್ತೇನೆ. ಬಾವಿ, ಹೊಳೆ, ಒಲೆ ನೋಡಿ ಹಿಗ್ಗುತ್ತಾಳೆ. ಕೊನೆಗೆ ಹಲಸಿನ ಮರದ ಹಿಂದಕ್ಕೆ ಹೋಗೆನ್ನುತ್ತಾಳೆ. ಅಲ್ಲಿ ಬರೀ ಹುಲ್ಲು. ಅವಳ ಮುಖ ಸಪ್ಪಗಾಗುತ್ತದೆ, ಸಾಕು ಮುಚ್ಚು ಎನ್ನುತ್ತಾಳೆ. ನಿನ್ನ ತಪ್ಪೇನೂ ಇಲ್ಲ, ನಿನಗೆ ಯಾರೂ ಹೇಳಿಲ್ಲ.

ಚೆನ್ನಾಗಿ ಓದು. ನಿನ್ನ ಗೆಳತಿ ಪ್ರಿಯಳನ್ನು ಕೇಳಿದೆನೆಂದು ಹೇಳು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಜ್ಜ,
ಚಿಕ್ಕಮಾದು

ತಾ.ಕ.: ಹಲಸಿನ ಹಿಂದೆ ಒಂದು ಕಲ್ಲು ಇಡು, ಕೂಸೇ. ನಿಮ್ಮಪ್ಪನಿಗಿಂತ ಮೊದಲು ನಮಗೊಂದು ಹೆಣ್ಣು ಮಗು ಹುಟ್ಟಿ, ಹೆಸರಿಡುವ ಮುಂಚೆಯೇ ಹೋಯಿತು. ಅಲ್ಲೇ ಮಣ್ಣು ಮಾಡಿ, ನರಿ ಕೆದಕದಿರಲೆಂದು ಹೊಳೆಯ ಕಲ್ಲೊಂದನ್ನು ಮೇಲಿಟ್ಟಿದ್ದೆ. ಅದರ ಫೋಟೋ ಇಲ್ಲ, ಯಾವ ಕಲ್ಲಿನ ಚಿತ್ರವಾದರೂ ಆದೀತು. ದುಂಡಗೆ ಬರಲಾರದು ಎಂದು ಅಜ್ಜಿಗೆ ಹೇಳಿದೆ. "ಚೌಕಾನೇ ಇರ್ಲಿ," ಅಂದಳು. "ನಾನ್ ಬಂದಿದೀನಿ ಅಂತ ಮಗೀಗೆ ಗೊತ್ತಾದ್ರೆ ಸಾಕು."